ರೇಷ್ಮೆಯ ಮೇಲಿನ ಸೂರು

ಬಹಳ ಬಹಳ ಹಿಂದೆ, ಚೀನಾ ದೇಶದ ಮಂಜಿನ ಬೆಟ್ಟಗಳ ನಡುವೆ ಯುನ್‌ಲಿಂಗ್ ಎಂಬ ರಾಜ್ಯವಿತ್ತು. ಅಲ್ಲಿ ಶೆನ್ ಎಂಬ ಕುಂಟು ಕಾಲಿನ ಚಿತ್ರಗಾರನೂ ಅವನ ಒಬ್ಬಳೇ ಮಗಳು ಸುವಾನಳೂ ಇದ್ದರು. ಪಂಡಿತರು ಬರೆಯುವ ಮೇಜಿನ ಮೇಲೆ ಇಟ್ಟುಕೊಳ್ಳುವ ಸಾಮಾನುಗಳ ಮೇಲೆ ಬೆಟ್ಟ, ಹೊಳೆ, ಮರಗಳನ್ನು ಬರೆಯುವುದು ಶೆನ್‌ನ ಕಸುಬು. ಆ ರಾಜ್ಯದ ಚಿತ್ರಗಾರರಿಗೆ ಒಂದು ಕಟ್ಟಳೆಯಿತ್ತು. ಎಂಥ ಚಿತ್ರವಾದರೂ ಒಂದು ಕಡೆ ಬಿಳಿ ಬಿಡಬೇಕು. ಸುವಾನಳಿಗೋ, ಬಿಳಿ ಜಾಗ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಹಕ್ಕಿ, ಒಂದು ದೋಣಿ, ಏನಾದರೊಂದನ್ನು ತುರುಕಿಬಿಡುವಳು.

“ಬಿಡು ಮಗಳೇ,” ಎನ್ನುತ್ತಿದ್ದ ಶೆನ್. “ಚಿತ್ರದೊಳಗಿನವರಿಗೂ ಓಡಾಡಲು ದಾರಿ ಬೇಡವೇ?”

ಅಪ್ಪ ತಮಾಷೆ ಮಾಡುತ್ತಾನೆ ಎಂದು ಅವಳು ನಗುತ್ತಿದ್ದಳು.

ರಾಜ್ಯದ ಮಂತ್ರಿ ಕುವಾಂಗ್. ಮಂತ್ರಿ ಅನ್ನುವುದು ಹೆಸರಿಗಷ್ಟೇ, ಒಳಗೆ ಅವನು ಮಾಂತ್ರಿಕ. ರಾಜ ಸತ್ತ ದಿನವೇ ರಾಣಿ, ಯುವರಾಜ ಇಬ್ಬರೂ ಕಾಣೆಯಾದರು. ಮರುದಿನ ಕುವಾಂಗ್ ಶೆನ್‌ನನ್ನು ಕರೆಸಿ, “ರಾಜ ತನ್ನ ಕೈಯಾರೆ ನನ್ನ ತಲೆಗೆ ಕಿರೀಟ ಇಡುತ್ತಿರುವ ಹಾಗೆ ಚಿತ್ರ ಬರೆ,” ಎಂದ.

“ನಡೆಯದ್ದನ್ನು ನಾನು ಬರೆಯುವುದಿಲ್ಲ, ಸ್ವಾಮಿ,” ಎಂದ ಶೆನ್.

ಆಮೇಲೆ ಅವನೂ ಮನೆಗೆ ಬರಲಿಲ್ಲ.

ಅಪ್ಪನನ್ನು ಹುಡುಕಲೆಂದೇ ಸುವಾನ್ ಮಂತ್ರಿಯ ಮನೆಯಲ್ಲಿ ಮಸಿ ತೇಯುವ ಕೆಲಸಕ್ಕೆ ಸೇರಿದಳು. ಗಂಧ ತೇಯ್ದ ಹಾಗೆ, ಕಲ್ಲಿನ ಮೇಲೆ ನೀರು ಹನಿಸಿ ಮಸಿಕಡ್ಡಿ ತೇಯುವ ಕೆಲಸ ಅದು. ಕುವಾಂಗ್ ಅವಳ ಗುರುತು ಹಿಡಿಯಲಿಲ್ಲ. ಅಂಥವರು ಕೆಲಸದವರ ಮುಖ ನೋಡುತ್ತಾರೆಯೇ?

ಹೀಗೆ ಮೂರು ತಿಂಗಳು ಕಳೆಯಿತು. ಕುವಾಂಗನ ಪಟ್ಟಾಭಿಷೇಕದ ದಿನ ಬಂತು. ಮನೆಯವರೆಲ್ಲ ಅರಮನೆಗೆ ಹೋದಾಗ ಅವಳು ಮೊದಲ ಸಲ ಅವನ ಒಳಕೋಣೆಗೆ ನುಗ್ಗಿದಳು. ಅಲ್ಲಿನ ಮೇಜಿನ ಮೇಲೆ ಮೂರು ವಸ್ತುಗಳಿದ್ದವು. ಕುಂಚಗಳನ್ನಿಡುವ ಪಿಂಗಾಣಿ ಕುಡಿಕೆ, ಅದರ ಮೇಲೆ ಕಾಡು ಮತ್ತು ಹುಲಿ. ನೀರು ಹನಿಸುವ ಪಿಂಗಾಣಿ ಹೂಜಿ, ಅದರ ಮೇಲೆ ಜಲಪಾತ ಮತ್ತು ಕೊಕ್ಕರೆ. ಮಸಿಗೆ ಗಾಳಿ ತಾಗದಂತೆ ನಿಲ್ಲಿಸುವ ಗೇಣುದ್ದದ ರೇಷ್ಮೆ ತೆರೆ, ಅದರ ಮೇಲೆ ಮಳೆ ಸುರಿಯುವ ಬೆಟ್ಟ. ಬೆಟ್ಟದ ಮೇಲೆ ಉಗುರಿನಷ್ಟು ಮುದುಕನೊಬ್ಬ ಕುಂಟುತ್ತ ಹತ್ತುತ್ತಿದ್ದ. ತೊಯ್ದು ತೊಪ್ಪೆಯಾಗಿ ನಡುಗುತ್ತಿದ್ದ.

“ಅಪ್ಪಾ!”

ಅವನ ಎದುರಿಗೇ ಒಂದಿಷ್ಟು ಬಿಳಿ ಜಾಗವಿತ್ತು. ಸುವಾನ್ ಹಿಂದುಮುಂದು ನೋಡದೆ ಕುಂಚ ಎತ್ತಿಕೊಂಡಳು. ನಾಲ್ಕು ಕಂಬ ನಿಲ್ಲಿಸಿ ಅಪ್ಪನ ತಲೆಯ ಮೇಲೆ ಸೂರು ಬರೆದಳು. ಬಿಳಿಯೆಲ್ಲ ತುಂಬಿತು. ಅಪ್ಪ ಎರಡೂ ಕೈ ಬೀಸುತ್ತಿದ್ದ. ಖುಷಿಗೆ ಬೀಸುತ್ತಿದ್ದಾನೆ ಎಂದುಕೊಂಡಳು ಪಾಪದ ಹುಡುಗಿ. ಅವನು ಬೇಡ, ಬೇಡ ಎನ್ನುತ್ತಿದ್ದ.

ಆಗ ಕುಡಿಕೆಯ ಹುಲಿ ಮಾತಾಡಿತು. “ತಂಗೀ, ನಾನು ಯುವರಾಜ. ಕುವಾಂಗ್ ನಮ್ಮನ್ನು ಮಾಯೆಯಿಂದ ಚಿತ್ರದೊಳಗೆ ಕೂಡಿಹಾಕಿದ್ದಾನೆ. ಚಿತ್ರದ ಬಿಳಿಯೇ ನಮಗೆ ಬಾಗಿಲು. ನನ್ನ ಬಾಗಿಲಿಗೆ ಕುವಾಂಗ್ ಪೊದೆ ಬರೆದು ಮುಚ್ಚಿದ್ದಾನೆ. ಒರೆಸು.”

“ನನ್ನ ಅಪ್ಪನ ಬಾಗಿಲು?”

“ಕುಂಟ ಎಲ್ಲಿ ಹತ್ತಿಯಾನು ಎಂದು ಅವನದನ್ನು ಮುಚ್ಚಿರಲಿಲ್ಲ. ಮೂರು ತಿಂಗಳಿಂದ ಹತ್ತುತ್ತಿದ್ದ. ಹತ್ತು ಹೆಜ್ಜೆ ಉಳಿದಿತ್ತು.”

ಸುವಾನ್ ಕೈಯಲ್ಲಿದ್ದ ಕುಂಚವನ್ನು ಕೆಳಗೆಸೆದಳು.

ಅವಳು ಅಂಗಿಯ ತೋಳು ಒದ್ದೆ ಮಾಡಿ ಕುಡಿಕೆಯನ್ನು ಒರೆಸಿದಳು. ಪೊದೆ ಹೋಯಿತು, ಹುಲಿ ಹಾರಿ ಹೊರಗೆ ಬಂತು. ಕಪಾಟು ಒಡೆದು ಚಿನ್ನದ ಹಾವಿನ ಗುರುತಿದ್ದ ಮಸಿಕಡ್ಡಿಯನ್ನು ಕಚ್ಚಿ ತಂದು, “ಕುವಾಂಗನ ಜೀವ ಇದರಲ್ಲಿದೆ,” ಎಂದಿತು.

ಅವಳು ಹೂಜಿಯನ್ನು ಒರೆಸಿದಳು. ಕುವಾಂಗ್ ಬರೆದಿದ್ದ ಕರಿಮೋಡ ಹೋಯಿತು, ಕೊಕ್ಕರೆ ಹಾರಿ ಹೊರಗೆ ಬಂತು. ಕೊಕ್ಕಿನಲ್ಲಿ ಜಲಪಾತದ ನೀರು ತಂದು ಕಲ್ಲಿನ ಮೇಲೆ ಹನಿಸಿ, “ಈ ನೀರಿಗೆ ಮಾತ್ರ ಅದು ಕರಗುತ್ತದೆ. ನಾನು ರಾಣಿ, ಮಗಳೇ. ಕಡ್ಡಿ ಸವೆದು ಮುಗಿದರೆ ಮಾಯೆ ಮುಗಿಯುತ್ತದೆ. ಆಗ ಚಿತ್ರದಲ್ಲಿ ಉಳಿದವರು ಬರೀ ಚಿತ್ರವಾಗಿಬಿಡುತ್ತಾರೆ. ಮೊದಲು ನಿನ್ನ ಅಪ್ಪನನ್ನು ತೆಗಿ,” ಎಂದಿತು.

ಅವಳು ರೇಷ್ಮೆಯನ್ನು ಒರೆಸಿದಳು. ಸೂರು ಹೋಗಲಿಲ್ಲ. ಮತ್ತೆ ಒರೆಸಿದಳು. ಹೋಗಲಿಲ್ಲ. ಪಿಂಗಾಣಿ ಮಸಿಯನ್ನು ಬಿಟ್ಟುಕೊಡುತ್ತದೆ, ರೇಷ್ಮೆ ಕುಡಿದುಬಿಡುತ್ತದೆ. ಚಿತ್ರಗಾರನ ಮಗಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಬೆರಳು ಉರಿಯುವ ತನಕ ಒರೆಸಿದಳು.

ಅರಮನೆಯ ಕಡೆಯಿಂದ ನಗಾರಿ ಕೇಳಿಸಿತು. ಕಿರೀಟ ಕುವಾಂಗನ ತಲೆಗೇರಿದರೆ ಮುಗಿಯಿತು, ಎಂದೆಂದಿಗೂ ರಾಣಿ ಕೊಕ್ಕರೆಯೇ, ಯುವರಾಜ ಹುಲಿಯೇ. ಆದರೂ ಅವರಿಬ್ಬರೂ ಅವಳಿಗೆ ತೇಯಿ ಎನ್ನಲಿಲ್ಲ. ತಲೆ ತಗ್ಗಿಸಿ ನಿಂತರು.

ಸುವಾನ್ ರೇಷ್ಮೆಗೆ ಕಿವಿ ಹಚ್ಚಿದಳು. ದೂರದ ಹೊಲದಿಂದ ಕೂಗಿದ ಹಾಗೆ ಅಪ್ಪನ ದನಿ ಬಂತು.

“ತೇಯಿ, ಮಗಳೇ.”

“ನಾನೇ ಬಾಗಿಲು ಮುಚ್ಚಿದೆ ಅಪ್ಪಾ.”

“ಮಳೆಗೆ ಸೂರು ಕಟ್ಟಿದೆ ಅಷ್ಟೇ. ಕಂಬ ಒಂದು ಸೊಟ್ಟ. ಇರಲಿ, ಸೋರುತ್ತಿಲ್ಲ. ಮೂರು ತಿಂಗಳಲ್ಲಿ ಇವತ್ತೇ ಮೈ ಒಣಗಿದ್ದು. ಅಳಬೇಡ, ಕೈ ನಡುಗೀತು. ಮಸಿ ನುಣ್ಣಗೆ ತೇಯಬೇಕು.”

ಅವಳು ತೇಯ್ದಳು. ಅತ್ತಳು, ತೇಯ್ದಳು. ಕಡ್ಡಿ ಗೇಣಿನಿಂದ ಬೆರಳಿಗೆ ಬಂತು, ಬೆರಳಿನಿಂದ ಉಗುರಿಗೆ ಬಂತು. ಕೊನೆಯ ಚೂರು ಕರಗಿದಾಗ ಅರಮನೆಯ ಮೆಟ್ಟಿಲ ಮೇಲೆ ಕುವಾಂಗ್ ಕರಿನೀರಾಗಿ ಹರಿದುಹೋದ. ಕಿರೀಟ ಟಣ್ಣೆಂದು ಕೆಳಗೆ ಬಿತ್ತು. ಹುಲಿ ಯುವರಾಜನಾಯಿತು, ಕೊಕ್ಕರೆ ರಾಣಿಯಾಯಿತು. ರಾಣಿ ಸುವಾನಳನ್ನು ತಬ್ಬಿಕೊಂಡು ತಾನೂ ಅತ್ತಳು.

ಯುವರಾಜ ನ್ಯಾಯವಾಗಿ ಆಳಿದ, ಬೆಳೆ ಚೆನ್ನಾಗಿ ಬಂತು, ಜನರೆಲ್ಲ ಸುಖವಾಗಿದ್ದರು. ಸುವಾನಳೂ ಸುಖವಾಗಿದ್ದಳು ಎಂದು ಹೇಳಿ ಕತೆ ಮುಗಿಸಬಹುದಿತ್ತು. ಆದರೆ ಶೆನ್‌ನ ಕತೆಯಲ್ಲಿ ನಡೆಯದ್ದನ್ನು ಹೇಳಬಾರದು. ಅವಳು ದೊಡ್ಡ ಚಿತ್ರಗಾರ್ತಿಯಾದಳು. ಅವಳ ಚಿತ್ರಗಳಲ್ಲಿ ಬಣ್ಣಕ್ಕಿಂತ ಬಿಳಿಯೇ ಹೆಚ್ಚು. ಆ ರೇಷ್ಮೆ ತೆರೆ ಕೊನೆಯವರೆಗೂ ಅವಳ ಮೇಜಿನ ಮೇಲಿತ್ತು. ಸೊಟ್ಟ ಕಂಬದ ಸೂರಿನ ಕೆಳಗೆ ಮುದುಕನೊಬ್ಬ ಕೂತಿದ್ದಾನೆ. ನೋಡಿದವರಿಗೆ ಅದು ಬರೀ ಚಿತ್ರ. ಮುಖ ಅವಳ ಕಡೆಗಿದೆ. ಸೋರುತ್ತಿಲ್ಲ ಎಂದು ತೋರಿಸಲು ಒಣಗಿದ ಅಂಗೈಯನ್ನು ಮುಂದೆ ಚಾಚಿದ್ದಾನೆ.