ತಾತನ ಮಸಿದಾರ

“ಮೇಷ್ಟ್ರೇ, ಇವಳು ಸ್ಕೇಲ್ ಇಟ್ಟು ಗೀಚಿದ್ದಾಳೆ! ಚೀಟಿಂಗ್!”

ಬೋರುಯಿ ಕೂಗಿದ್ದೇ ತಡ, ಚೀನಾದ ಸುಝೌ ನಗರದ ಆ ಶಾಲೆಯ ಚಿತ್ರದ ಕ್ಲಾಸೆಲ್ಲ ಯೂತಾಂಗ್‌ಳ ಡೆಸ್ಕಿನ ಸುತ್ತ ನೆರೆಯಿತು.

ಹಾಳೆಯ ಮೇಲೆ ಅವಳ ಮನೆಯಿದ್ದ ಇಪ್ಪತ್ತಾರು ಮಹಡಿಯ ಕಟ್ಟಡ ನಿಂತಿತ್ತು. ಕೆಳಗೆ ನೀರು ಬೆರೆಸಿದ ಮಸಿಯ ಮಂಜು. ಮಂಜಿನಿಂದ ನೆಟ್ಟಗೆ ಮೇಲೆದ್ದ ಕಪ್ಪು ಗೆರೆಗಳು.

ಶೆನ್ ಮೇಷ್ಟ್ರು ಹುಬ್ಬು ಗಂಟಿಕ್ಕಿದರು. “ಹೂವು, ಬಿದಿರು ಬೇಡ, ಕಟ್ಟಡ ಬರೀತೀನಿ ಅಂದೆ. ಒಪ್ಪಿದೆ. ಆದ್ರೆ ಸ್ಕೇಲ್ ಮುಟ್ಟಬೇಡ ಅಂದಿದ್ನಲ್ಲ? ಸ್ಕೇಲಿನ ಗೆರೆಗೆ ಜೀವ ಇರಲ್ಲ. ಇದು ನಾಳೆ ಪ್ರದರ್ಶನಕ್ಕಿಲ್ಲ.”

ಯೂತಾಂಗ್‌ಳ ಮುಖ ಕೆಂಪಾಯಿತು. ನಾಳೆ ತಾತ ಬರುವವರಿದ್ದರು. ಅವರಿಗೆ ತೋರಿಸಲೆಂದೇ ಇದನ್ನು ಬರೆದದ್ದು.

“ಸ್ಕೇಲ್ ಅಲ್ಲ ಮೇಷ್ಟ್ರೇ, ದಾರ!”

ಅವಳು ಬ್ಯಾಗಿನಿಂದ ಮರದ ಡಬ್ಬಿ ತೆಗೆದಳು. ಒಳಗೆ ಮಸಿಯಲ್ಲಿ ನೆನೆದ ದಾರದ ಸುರುಳಿ. “ನಮ್ಮ ತಾತ ಬಡಗಿ. ಕಾಲುವೆ ಬೀದಿಯ ಹಳೇ ಮಂಟಪಗಳನ್ನೆಲ್ಲ ರಿಪೇರಿ ಮಾಡೋದು ಅವರೇ. ತೊಲೆ ಕೊಯ್ಯೋ ಮುಂಚೆ ಹೀಗೇ ಗೆರೆ ಹೊಡೀತಾರೆ. ಈ ಹಳೇದನ್ನ ನನಗೇ ಕೊಟ್ಟಿದ್ದಾರೆ.”

“ಸುಳ್ಳು. ಹೊಡೆದು ತೋರಿಸು,” ಅಂದ ಬೋರುಯಿ.

“ಆ ತುದಿ ನೀನೇ ಹಿಡ್ಕೊ. ಅಲ್ಲಾಡಿದ್ರೆ ನೋಡು!”

ಹೊಸ ಹಾಳೆ ಹಾಸಿದರು. ದಾರ ಬಿಗಿಯಾಯಿತು. ಆ ಮೆತ್ತನೆ ಹಾಳೆಗೆ ಒಮ್ಮೆ ಮಸಿ ಬಿತ್ತೆಂದರೆ ಮುಗಿಯಿತು, ಅಳಿಸುವಂತಿಲ್ಲ. ಯೂತಾಂಗ್ ಉಸಿರು ಬಿಗಿಹಿಡಿದು ದಾರವನ್ನು ನೆಟ್ಟಗೆ ಮೇಲೆತ್ತಿ ಬಿಟ್ಟಳು.

ಟಪ್!

ನೇರ ಗೆರೆ. ಅದರ ಎರಡೂ ಬದಿಗೆ ಸಾಸಿವೆಗಿಂತ ಸಣ್ಣ ಹನಿಗಳು ಚಿಮ್ಮಿದ್ದವು. ಒಂದು ಹನಿ ಬೋರುಯಿಯ ಮೂಗಿನ ಮೇಲೂ ಕೂತಿತ್ತು. ಎಲ್ಲರೂ ಗೊಳ್ಳೆಂದು ನಕ್ಕರು.

“ಕೊಡಿಲ್ಲಿ,” ಎಂದು ಮೇಷ್ಟ್ರು ತಾವೇ ದಾರ ಎಳೆದು ಬಿಟ್ಟರು. ಗೆರೆ ಸೊಟ್ಟಗಾಯಿತು.

“ಓರೆಯಾಗಿ ಎಳೀಬಾರ್ದು ಮೇಷ್ಟ್ರೇ!”

“ಇಪ್ಪತ್ತು ವರ್ಷದಿಂದ ಬ್ರಶ್ ಹಿಡಿದಿದ್ದೀನಿ, ಇದು ಬರಲ್ವಲ್ಲೇ!” ಮೇಷ್ಟ್ರು ನಕ್ಕೇಬಿಟ್ಟರು. “ತಪ್ಪು ನಂದು. ನಾಳೆ ನಿನ್ನ ಕಟ್ಟಡ ಗೋಡೆಯ ನಟ್ಟನಡುವೆಯೇ ಇರಲಿ.”

ಮರುದಿನ ತಾತ ಹೊಸ ಅಂಗಿ ತೊಟ್ಟು ಬಂದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

“ಮೂರನೇ ಗೆರೇಲಿ ದಾರ ಸಡಿಲ ಬಿಟ್ಟಿದ್ದೀಯ,” ಎಂದು ಗದರಿದರು. ಆಮೇಲೆ ಮೆಲ್ಲಗೆ ಕೇಳಿದರು, “ಇದನ್ನ ಯಾರೂ ಕೊಯ್ಯಲ್ವಾ?”

“ಇಲ್ಲ ತಾತ. ಹಾಗೇ ಇರುತ್ತೆ.”

ತಾತ ಬದುಕೆಲ್ಲ ಹೊಡೆದ ಸಾವಿರಾರು ಗೆರೆಗಳು ಎಲ್ಲಿ ಹೋದವೆಂದು ಯೂತಾಂಗ್‌ಗೆ ಆಗ ಹೊಳೆಯಿತು. ಎಲ್ಲವೂ ಗರಗಸದ ಬಾಯಿಗೆ ಬಿದ್ದು ಹೊಟ್ಟಾಗಿದ್ದವು.

ಅಷ್ಟರಲ್ಲಿ ತಾತ ಪಕ್ಕದಲ್ಲಿದ್ದ ಯಾರದೋ ಅಜ್ಜಿಯನ್ನು ಕರೆಯುತ್ತಿದ್ದರು. “ಆ ಹೂವು ಆಮೇಲೆ ನೋಡಮ್ಮ, ಇಲ್ಲಿ ಬಾ! ಇದು ನಮ್ಮನೆ ಗೆರೆ!”