ತೀರ್ ಹದಿನೇಳರ ಭಾವ

ನಿಜಾಮರ ರಾಜ್ಯದ ಫಸಲಿ ವರ್ಷ ೧೩೨೨, ಬಹಮನ್ ತಿಂಗಳ ಆರು, ಮಂಗಳವಾರ. ಬೆಳಿಗ್ಗೆ ಎಂಟೂವರೆಗೆ ನಾಣ್ಯ ಬದಲಿಸಿಕೊಡುವ ಸರಾಫ ದೌಲಪ್ಪ ಕಲಬುರಗಿಯ ಸ್ಟೇಶನ್ ಬಜಾರದ ಠಾಣೆಗೆ ಬಂದು, ಅಂಗಡಿಯಲ್ಲಿ ಕಳವಾಗಿದೆ ಎಂದು ಫಿರ್ಯಾದಿ ಕೊಟ್ಟ. ಸರಾಫನ ಅಂಗಡಿ ಎಂದೊಡನೆ ಠಾಣೆಯ ಅಧಿಕಾರಿ ಅಮೀನ್ ಮಹಮ್ಮದರು ಚಹಾದ ಬಟ್ಟಲು ಕೆಳಗಿಟ್ಟರು. ಎಷ್ಟು ಹೋಗಿದೆ ಎಂದು ಕೇಳಿದರೆ, ರೊಕ್ಕ ಒಂದು ಪೈಯೂ ಹೋಗಿಲ್ಲ, ಲೆಕ್ಕದ ಒಂದು ಹಳೆಯ ವಹಿ ಹೋಗಿದೆ ಎಂದ. ಅಮೀನರು ಚಹಾ ಮತ್ತೆ ಕೈಗೆತ್ತಿಕೊಂಡರು.

ಅದು ಭಾವಿನ, ಎಂದರೆ ನಾಣ್ಯ ಬದಲಿಸುವ ದರದ ವಹಿ. ನಿಜಾಮರ ಹಾಲಿ ರೂಪಾಯಿ ಬೇರೆ, ಇಂಗ್ರೇಜರ ಕಲ್ದಾರ ಬೇರೆ. ನೂರು ಕಲ್ದಾರಕ್ಕೆ ಹಾಲಿ ಎಷ್ಟು ಎಂಬುದನ್ನು ದೌಲಪ್ಪನ ತಂದೆ ದಿನವೂ ಬರೆದಿಡುತ್ತಿದ್ದರು. ಈಗೇನೋ ಆರು ಕಲ್ದಾರಕ್ಕೆ ಏಳು ಹಾಲಿ ಎಂದು ಭಾವ ಹೆಚ್ಚುಕಡಿಮೆ ಒಂದು ಕಡೆ ನಿಂತಿದೆ; ಆಗ ಅದಕ್ಕೆ ನಿಲುಗಡೆಯೇ ಇರಲಿಲ್ಲ. ಕಳವಾದದ್ದು ೧೩೦೯ರ ವಹಿ. ಹದಿಮೂರು ವರ್ಷದ ಹಿಂದಿನ ಭಾವವನ್ನು ಕದ್ದು ಯಾರು ಏನು ಮಾಡಿಯಾರು? ಅಮೀನರು ಪ್ರಥಮ ವರ್ತಮಾನ ವರದಿ ಬರೆಸಿ, ಜಮಾದಾರ ಭೀಮಶಾನನ್ನು ಕರೆದುಕೊಂಡು ಹೊರಟರು.

ಹತ್ತು ಗಂಟೆಗೆ ಸ್ಥಳದ ಪಂಚನಾಮೆಯಾಯಿತು. ತಿಜೋರಿಯ ಬೀಗ ಭದ್ರವಾಗಿತ್ತು. ವಹಿಗಳು ಮಾತ್ರ ಹೊರಗಿನ ಪಡಸಾಲೆಯ ಹಲಗೆಯ ಮೇಲಿದ್ದವು.

"ಇಲ್ಲ್ಯಾಕ ಇಟ್ಟೀರಿ?"

"ಬೀಗ ರೊಕ್ಕಕ್ಕರಿ ಸಾಹೇಬ್ರ. ಹಳೇ ಭಾವ ಯಾರು ಒಯ್ತಾರ?"

"ಒಯ್ದಾರಲ್ಲ."

ದೌಲಪ್ಪ ಸೋಮವಾರ ಮಧ್ಯಾಹ್ನ ಶರಣಬಸವೇಶ್ವರರ ಗುಡಿಗೆ ಹೋಗುವವನು. ಒಂದು ತಾಸು ಪಡಸಾಲೆ ಬರಿದಾಗಿರುತ್ತಿತ್ತು. ಇದು ಇಡೀ ಬಜಾರಕ್ಕೆ ಗೊತ್ತು. ಪ್ರತಿ ವಹಿಗೂ ಕೆಂಪು ಅರಿವೆ ಸುತ್ತಿ ನೂಲಿನ ದಾರ ಕಟ್ಟಿತ್ತು. ೧೩೦೮ರದ್ದನ್ನು ಮಾತ್ರ ಯಾರೋ ಬಿಚ್ಚಿ ನೋಡಿ, ದಾರ ಹರಿದದ್ದಕ್ಕೆ ಬೇರೇನೋ ಕಟ್ಟಿ ಇಟ್ಟಿದ್ದರು. ಭೀಮಶಾ ಅದನ್ನು ಬೆರಳಲ್ಲಿ ಹೊಸೆದು ನೋಡಿ ಬಾಳೆನಾರು ಎಂದ. ಕದಿಯಲು ಬಂದವರು ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿಟ್ಟು ಹೋಗುವುದನ್ನು ಅಮೀನರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ.

ಎದುರಿನ ಬೇವಿನ ಮರದಡಿ ಕಮಲಾಪುರದ ಹೆಣ್ಣುಮಗಳೊಬ್ಬಳು ಸೋಮವಾರಕ್ಕೊಮ್ಮೆ ಕೆಂಪು ಬಾಳೆಹಣ್ಣು ಮಾರಲು ಕೂರುತ್ತಾಳೆಂದು ಅಕ್ಕಪಕ್ಕದ ಅಂಗಡಿಯವರು ಹೇಳಿದರು. ಆಗ ದೌಲಪ್ಪನಿಗೆ ನೆನಪಾಯಿತು. ಎಂಟು ದಿನದ ಹಿಂದೆ ಅವಳೇ ಬಂದು, ೧೩೦೯ರ ತೀರ್ ತಿಂಗಳ ಹದಿನೇಳರಂದು ಭಾವ ಎಷ್ಟಿತ್ತು ಎಂದು ಕೇಳಿದ್ದಳು.

"ನೀವು ಏನಂದ್ರಿ?"

"ಎಬ್ಬಿಸಿ ಕಳಿಸ್ದೆರಿ. ಭಾವಿನ ವಹಿ ಹೊರಗಿನವ್ರಿಗಿ ತೋರಸೂದು ನಮ್ಮ ಮನಿ ರಿವಾಜಲ್ಲ. ನಮ್ಮಪ್ಪ ಸಾಯೂತನಾ ಯಾರಿಗೂ ತೋರಿಸಿಲ್ಲ."

ಈ ಮಾತನ್ನು ಬೆಳಿಗ್ಗೆಯೇ ಹೇಳಬಾರದಿತ್ತೇ ಎಂದು ಅಮೀನರಿಗೆ ರೇಗಿತು. ಮಾಲು ಗುರುತಿಸಲು ನೀವೂ ಬರಬೇಕು ಎಂದು ಹೇಳಿ, ಬುಧವಾರ ನಸುಕಿನಲ್ಲಿ ಅವನನ್ನೂ ಟಾಂಗಾ ಹತ್ತಿಸಿದರು.

ಕಮಲಾಪುರ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಹಣ್ಣು ಮಾರುವ ಆ ಹೆಣ್ಣುಮಗಳು, ಭಾಗಮ್ಮ, ಬಾಳೆಯ ತೋಟದ ಅಂಚಿನ ಮನೆಯಲ್ಲಿದ್ದಳು. ಒಳಗೆ ಹೊರಸಿನ ಮೇಲೆ ಅವಳ ತಂದೆ ನಾಗಣ್ಣ, ಎದ್ದು ಕೂರಲೂ ಆಗದಷ್ಟು ಸೊರಗಿದ್ದ ಮುದುಕ. ಪೊಲೀಸರನ್ನು ಕಂಡು ಅವಳು ಓಡಲಿಲ್ಲ, ಅಳಲಿಲ್ಲ. ಜೋಳ ತುಂಬಿಡುವ ಗುಮ್ಮಿಯ ಹಿಂದಿನಿಂದ ವಹಿ ತಂದು ಮುಂದಿಟ್ಟಳು.

"ಬುಟ್ಯಾಗ ಹಣ್ಣಿನ ಕೆಳಗ ಇಟ್ಕೊಂಡು ತಂದೀನ್ರಿ. ನಮ್ಮಪ್ಪಗ ಗೊತ್ತಿಲ್ಲ."

"ಯಾಕ ತಂದಿ?"

ಅವಳು ಹೇಳಿದ್ದನ್ನು ಭೀಮಶಾ ಬರೆದುಕೊಂಡ. ನಾಗಣ್ಣ ಕಲಬುರಗಿಯಲ್ಲಿ ಕಾಳಿನ ವ್ಯಾಪಾರಿ ಮಲ್ಲಣ್ಣನ ಬಳಿ ಗುಮಾಸ್ತನಾಗಿದ್ದ. ಆ ತೀರ್ ಹದಿನೇಳರ ಮಧ್ಯಾಹ್ನ ಮಲ್ಲಣ್ಣನ ನೂರು ಕಲ್ದಾರವನ್ನು ದೌಲಪ್ಪನ ತಂದೆಯ ಅಂಗಡಿಗೆ ಒಯ್ದು ನೂರ ಹದಿನೇಳು ಹಾಲಿ ತಂದ. ಬೆಳಿಗ್ಗೆ ಬಜಾರದಲ್ಲಿ ಕೂಗಿದ ಭಾವ ನೂರ ಇಪ್ಪತ್ತೊಂದು. ನಾಲ್ಕು ರೂಪಾಯಿ ನುಂಗಿದ ಎಂದು ಪಂಚರ ಮುಂದೆ ಕಳ್ಳನೆನಿಸಿ ನೌಕರಿ ಹೋಯಿತು. ವಹಿ ನೋಡಿರಿ ಎಂದು ಕೈಮುಗಿದರೂ ಆ ಹಿರಿಯ ಸರಾಫರು ರಿವಾಜಲ್ಲವೆಂದು ತೆಗೆಯಲಿಲ್ಲ. ಅಂದಿನಿಂದ ಈ ಊರಲ್ಲಿಯೂ ಯಾರೂ ಅವನ ಕೈಯಲ್ಲಿ ಒಂದು ಬಿಲ್ಲಿ ಕಾಸು ಕೊಟ್ಟು ಸಂತೆಗೆ ಕಳಿಸಿದವರಿಲ್ಲ. ಈಗ ಸಾವು ಹತ್ತಿರ ಬಂದಿತ್ತು. ಮುದುಕ ದಿನವೂ ಆ ಭಾವವನ್ನೇ ಕನವರಿಸುತ್ತಿದ್ದ.

ಭಾಗಮ್ಮನಿಗೆ ಅಂಕಿ ಮಾತ್ರ ಬರುತ್ತಿತ್ತು. ವಹಿಯ ಬರಹ, ತಿಂಗಳ ಹೆಸರು ಸಹಿತ, ಮರಾಠಿಯ ಮೋಡಿ ಲಿಪಿಯಲ್ಲಿತ್ತು, ಸಾಲಿ ಮಾಸ್ತರಿಗೂ ಓದಲಾಗಿರಲಿಲ್ಲ. ಕದ್ದು ತಂದೂ ಅವಳಿಗೆ ಏನೂ ತಿಳಿದಿರಲಿಲ್ಲ.

ಜಪ್ತಿ ಪಂಚನಾಮೆಗೆ ಊರಿನ ಐವರನ್ನು ಕರೆಸಲಾಯಿತು. 'ಒಂದು ವಹಿ' ಎಂದು ಬರೆದಿದ್ದರೆ ಕಾನೂನಿಗೆ ಸಾಕಿತ್ತು. ಅಮೀನರು ದೌಲಪ್ಪನ ಕೈಗೆ ವಹಿ ಕೊಟ್ಟು, ತೀರ್ ಹದಿನೇಳು ತೆಗೆದು ಐವರಿಗೂ ಕೇಳಿಸುವಂತೆ ಓದಿರಿ ಎಂದರು. ದೌಲಪ್ಪ ರಿವಾಜಿನ ಮಾತೆತ್ತಲು ಹೋಗಿ, ಅಮೀನರ ಮುಖ ನೋಡಿ ಅದನ್ನು ಬಿಟ್ಟ. ಹಾಳೆ ತಿರುವಿದ. ಸಾಲಿನ ಮೇಲೆ ಬೆರಳಿಟ್ಟು ತನ್ನಷ್ಟಕ್ಕೆ ಒಮ್ಮೆ ಓದಿಕೊಂಡ.

"ಮುಂಜಾನಿ ನೂರಾ ಇಪ್ಪತ್ತೊಂದು," ಎಂದ. "ಅದರ ಕೆಳಗ ಇನ್ನೊಂದು ಸಾಲೈತಿ. ಮುಂಬೈ ಗಾಡ್ಯಾಗ ಕಲ್ದಾರದ ಥೈಲಿ ಭಾಳ ಬಂದಾವ. ಮಧ್ಯಾನ ಭಾವ ಇಳದು ನೂರಾ ಹದಿನೇಳು."

ಒಳಗಿನಿಂದ ನಾಗಣ್ಣ, ಇನ್ನೊಮ್ಮೆ ಓದಲು ಹೇಳಿರೆಂದು ಕೇಳಿಕೊಂಡ. ದೌಲಪ್ಪ ಇನ್ನೊಮ್ಮೆ ಓದಿದ. ಅಮೀನರು ಎರಡೂ ಸಾಲನ್ನು ಪಂಚನಾಮೆಯಲ್ಲಿ ಬರೆಸಿ ಐವರ ರುಜು ಹಾಕಿಸಿದರು.

ಫಿರ್ಯಾದಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದ ದೌಲಪ್ಪ. ಅದನ್ನು ಅದಾಲತ್ತಿನಲ್ಲಿ ಹೇಳಿರಿ, ಕಳವು ಕಳವೇ ಎಂದರು ಅಮೀನರು. ಮೂರೂವರೆಗೆ ಭಾಗಮ್ಮನ ದಸ್ತಗಿರಿಯಾಯಿತು. ಅವಳು ನೆರೆಮನೆಯ ಬಂಡಮ್ಮನಿಗೆ ತಂದೆಯ ಗಂಜಿಯ ಮಾತು ಹೇಳಿ ಟಾಂಗಾ ಹತ್ತಿದಳು. ಅವಳ ಮುಖದಲ್ಲಿ ದುಃಖವಿರಲಿಲ್ಲ.

ಅಮೀನರು ಹಿಂದಿರುಗಿ ಒಳಗೆ ಹೋದರು. ದಾರಿಗೆಂದು ಒಂದು ಡಜನ್ ಹಣ್ಣು ಕೇಳಿ, ಒಂದು ಕಲ್ದಾರ ರೂಪಾಯಿಯನ್ನು ಐವರ ಎದುರಿಗೇ ಮುದುಕನ ಅಂಗೈಯಲ್ಲಿಟ್ಟರು.

"ಉಳದ ಚಿಲ್ಲರ ನಿಮ್ಮ ಹಂತ್ಯಾಕ ಇರ್ಲಿ ನಾಗಣ್ಣ. ಮಗಳು ಜಾಮೀನಿನ ಮ್ಯಾಲ ಬಂದ ಮ್ಯಾಲ ಆಕಿ ಕೈಯಾಗ ಕೊಟ್ಟು ಕಳಸ್ರಿ."

ನಾಗಣ್ಣ ನಾಣ್ಯವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ದೌಲಪ್ಪನ ಕಡೆ ತಿರುಗಿ, ಚಿಲ್ಲರೆಯ ಲೆಕ್ಕಕ್ಕೆ ಇವತ್ತಿನ ಭಾವ ಎಷ್ಟು ಎಂದು ಕೇಳಿದ. ದೌಲಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು, ಭಾವ ಹೇಳಿದ.