ಹಂಗಾಮಿ ಕೋಶದ ಯಜಮಾನ

ತಿಪಟೂರಿನ ಆ ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಹದಿನಾರು ಕೈಗಳು ಕೆಲಸ ಮಾಡುತ್ತಿದ್ದವು. ಮನುಷ್ಯರು ಮಾತ್ರ ಒಬ್ಬರೇ ಇದ್ದರು. ನಾಲ್ಕು ಕೈಗಳು ಇಡ್ಲಿ ತಟ್ಟೆಗೆ ಹಿಟ್ಟು ಹುಯ್ಯುತ್ತಿದ್ದವು. ಎರಡು ಕೈಗಳು ಕಾಯಿ ತುರಿಯುತ್ತಿದ್ದವು. ಒಂದು ಕೈ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದರೆ ಪಕ್ಕದ ಕೈ ಸಿಡಿದೀತೆಂದು ಮುಚ್ಚಳ ಹಿಡಿದು ಹೆದರಿದಂತೆ ನಿಂತಿತ್ತು. ಕೈಗಳೆಲ್ಲ ಚಾವಣಿಯ ಕಂಬಿಗಳಿಂದ ಇಳಿಬಿದ್ದಿದ್ದವು. ಅವುಗಳ ಬುದ್ಧಿ ಮಾತ್ರ ಮೂಲೆಯಲ್ಲಿ, ಬಟ್ಟೆ ಬೀರುವಿನಷ್ಟು ಎತ್ತರದ ಒಂದು ಸರ್ವರ್‌ನಲ್ಲಿತ್ತು. ಇದೇ ಪಾಕಯಂತ್ರ.

"ನಮ್ಮ ಕಾಲದಲ್ಲಿ ಸರ್ವರ್ ಅಂದ್ರೆ ತಟ್ಟೆ ತಂದಿಡುವವ," ಎಂದರು ಅಲ್ಲಿದ್ದ ಏಕೈಕ ಮನುಷ್ಯರಾದ ಅಡುಗೆಯ ಸೀತಾರಾಮ ಐತಾಳರು. "ಈಗ ಅವನೇ ಮೂಲೆಯಲ್ಲಿ ನಿಂತು ಎಲ್ಲರಿಗೂ ಹುಕುಂ ಮಾಡುದು. ಎಂತಾ ಬಡ್ತಿ!"

ಐತಾಳರು ಹೇಳಿದ್ದು ಯಾರ ಎದುರಿಗೂ ಅಲ್ಲ, ಕಿವಿಗೆ ಸಿಕ್ಕಿಸಿಕೊಂಡಿದ್ದ ಪುಟ್ಟ ಮಾತುಗುಂಡಿಗೆ. ಅದರ ಜೊತೆಯ ಗುಂಡಿ ಮಹಡಿಯ ಕೋಣೆಯಲ್ಲಿ ಮದುಮಗಳು ಮೇದಿನಿಯ ಮೊಗ್ಗಿನ ಜಡೆಯೊಳಗೆ ಅಡಗಿತ್ತು. ಅವಳು ನಕ್ಕಳು. ಜಡೆ ಹೆಣೆಯುತ್ತಿದ್ದವಳು ಅಲುಗಾಡಬೇಡಿ ಎಂದಳು.

ಪಾಕಯಂತ್ರವನ್ನು ಕಟ್ಟಿದವಳು ಮೇದಿನಿಯೇ. ಏಳು ವರ್ಷದ ದುಡಿಮೆ. ತನ್ನ ಮದುವೆಯ ಆರುನೂರು ಎಲೆಗಳಿಗೂ ತನ್ನ ಯಂತ್ರವೇ ಅಡುಗೆ ಮಾಡಿ ಬಡಿಸಬೇಕೆಂದು ಅವಳು ಹಟ ಹಿಡಿದಿದ್ದಳು. ಅತಿಥಿಗಳಲ್ಲಿ ಹತ್ತಾರು ಮಂಟಪಗಳ ಮಾಲೀಕರೂ ಇದ್ದರು; ಇವತ್ತು ಎಲೆಯ ಮುಂದೆ ಕೂತವರು ಎದ್ದು ಹೋದರೆ ಇನ್ನು ಯಾವ ಅಡುಗೆಮನೆಯೂ ಯಂತ್ರವನ್ನು ಹೊಸಿಲು ದಾಟಿಸುವುದಿಲ್ಲ. ಅವಳ ತಂದೆ ವಾಸುದೇವಮೂರ್ತಿಗಳಿಗೆ ಇದ್ದದ್ದು ಬೇರೆಯೇ ಚಿಂತೆ. "ಬೀಗರು ಎಲೆ ಮುಂದೆ ಕೂತಾಗ ಅನ್ನ ಬರ್ಲಿಲ್ಲ ಅಂದ್ರೆ ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ ಕಣಮ್ಮ," ಎಂದು ಹದಿನೈದು ದಿನದಿಂದ ಹೇಳುತ್ತಿದ್ದರು.

ಐತಾಳರನ್ನು ಮೇಲ್ವಿಚಾರಣೆಗೆ ಕರೆಸಿದ್ದು ತಂದೆಯ ಸಮಾಧಾನಕ್ಕೆ. ಕೋಟದ ಕಡೆಯ ಈ ಅಡುಗೆಯವರಿಗೆ ಎರಡು ವಿದ್ಯೆ ಬರುತ್ತಿತ್ತು. ಒಂದು ಹೋಳಿಗೆ, ಇನ್ನೊಂದು ಅನುಕರಣೆ. ಯಾರ ಧ್ವನಿಯನ್ನು ಎರಡು ಸಲ ಕೇಳಿದರೂ ಸಾಕು, ಮೂರನೆಯ ಸಲ ಆ ಧ್ವನಿ ಇವರ ಬಾಯಿಂದಲೇ ಬರುತ್ತಿತ್ತು.

ತಿಂಡಿ ಎಂಟು ಗಂಟೆಗೆಲ್ಲ ಸಾಂಗವಾಗಿ ಮುಗಿಯಿತು. ಇಡ್ಲಿಯಲ್ಲಿ ತಪ್ಪು ಹುಡುಕಲು ಹೋದವರು ಮತ್ತೆರಡು ಹಾಕಿಸಿಕೊಂಡು ಹುಡುಕಿದರು. ಹತ್ತೂ ನಲವತ್ತಕ್ಕೆ ಐತಾಳರು ಮಧ್ಯಾಹ್ನದ ಊಟಕ್ಕೆ ಅಪ್ಪಣೆ ಕೊಟ್ಟರು. ಹದಿನಾರು ಕೈಗಳಿರುವ ಯಂತ್ರ ಕೈಕೊಟ್ಟರೆ ಸಣ್ಣದಾಗಿ ಕೊಡುವುದಿಲ್ಲ.

"ತಂಗೀ," ಎಂಬ ಪಿಸುಮಾತು ಮೇದಿನಿಯ ಕಿವಿಗೆ ಬಿದ್ದಾಗ ಅವಳು ಗೌರೀಪೂಜೆಗೆ ಕೂತಿದ್ದಳು. "ನಿಮ್ಮ ಕೈಗಳೆಲ್ಲ ಮೇಲೆ ಹೋಗಿ ನಿಂತಿವೆ. ಪೊಲೀಸರು ಬಂದ ಹಾಗೆ."

"ಪರದೆ ಮೇಲೆ ಏನು ಬರ್ದಿದೆ, ಓದಿ."

ಐತಾಳರು ಗಂಟಲು ಸರಿಮಾಡಿಕೊಂಡು ಆಕಾಶವಾಣಿಯ ಧ್ವನಿಯಲ್ಲಿ ಓದಿದರು: "ಹಂಗಾಮಿ ಕೋಶದಲ್ಲಿ ಬರೆಯಲು ಆಗುತ್ತಿಲ್ಲ. ಪಾಕಸೂತ್ರಗಳನ್ನು ನಿಲ್ಲಿಸಲಾಗಿದೆ. ಇಲ್ಲಿಗೆ ವಾರ್ತೆಗಳು ಮುಕ್ತಾಯವಾದವು."

ಪ್ರತಿಯೊಂದು ಖಾದ್ಯಕ್ಕೂ ಮೇದಿನಿ ಒಂದೊಂದು ಪಾಕಸೂತ್ರ ಬರೆದಿದ್ದಳು. ಯಾವ ಕೈ ಯಾವಾಗ ಏನು ಮಾಡಬೇಕೆಂಬ ಆಜ್ಞೆಗಳ ಸಾಲು ಅದು. ಹುಳಿಯ ಸೂತ್ರ, ಪಾಯಸದ ಸೂತ್ರ, ಬಡಿಸುವ ಗಾಡಿಗಳಿಗೂ ಒಂದು ಸೂತ್ರ. ಸೂತ್ರ ನಡೆಯುವಾಗ ಸರ್ವರ್ ತನ್ನ ಅರೆಬರೆ ಲೆಕ್ಕಗಳನ್ನು ಹಂಗಾಮಿ ಕೋಶದಲ್ಲಿ ಗೀಚಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಅಳಿಸಿಹಾಕುತ್ತದೆ.

"ಅಂದ್ರೆ ಎಂತದು ಅದು?" ಎಂದರು ಐತಾಳರು.

"ನೀವು ಅಡುಗೆ ಮಾಡುವಾಗ ಪಕ್ಕದಲ್ಲಿ ಒಂದು ಖಾಲಿ ತಟ್ಟೆ ಇಟ್ಕೊಳಲ್ವಾ? ಹೆಚ್ಚಿದ ಮೆಣಸಿನಕಾಯಿ, ಅಳೆದ ಉಪ್ಪು, ಸೌಟು?"

"ಹೌದು. ಆದ ಮೇಲೆ ತೊಳೆದಿಡುದು."

"ಅದೇ ಅದು. ಆ ತಟ್ಟೆ ಮುಟ್ಟೋಕೆ ಅದಕ್ಕಾಗ್ತಿಲ್ಲ."

"ಹಾಗಾದ್ರೆ ಅದು ನಿಂತದ್ದು ಸರಿ. ತಟ್ಟೆ ಇಲ್ಲದೆ ನಾನೂ ಒಲೆ ಹಚ್ಚುದಿಲ್ಲ."

"ಯಾರ ಹತ್ರ ಮಾತಾಡ್ತಿದೀಯೇ?" ಎಂದರು ಪಕ್ಕದಲ್ಲಿ ಕೂತಿದ್ದ ಸೋದರತ್ತೆ ಸುನಂದಮ್ಮ.

"ಗೌರಿ ಹತ್ರ ಅತ್ತೆ," ಎಂದು ಮೇದಿನಿ ಕಣ್ಣು ಮುಚ್ಚಿದಳು. "ಮೊದಲು ಕೋಶ ತುಂಬಿದೆಯಾ ನೋಡಿ."

ತುಂಬಿತ್ತು. ವಿಡಿಯೋ ತೆಗೆಯುವವನು ಎಲ್ಲೋ ಒಂದು ಕಡೆ ಜಾಗ ಸಿಕ್ಕಿತೆಂದು ತನ್ನ ಚಿತ್ರಗಳನ್ನೆಲ್ಲ ಬೆಳಿಗ್ಗೆ ಎಂಟಕ್ಕೇ ಅಲ್ಲಿ ಸುರಿದಿದ್ದ. ಹಂಗಾಮಿ ಎಂದು ಬರೆದ ಕಡೆ ಜನ ಬಿಡಾರ ಹೂಡುವುದು ಹೊಸದೇನಲ್ಲ.

"ನಿಮ್ಮ ಅಲಂಕಾರದ್ದೇ ಮೂರು ಗಂಟೆಯದ್ದುಂಟು," ಎಂದರು ಐತಾಳರು. "ಅಳಿಸುದಾ?"

"ಅಳಿಸಿ."

"ಪಾಪ, ಅಷ್ಟು ಕಷ್ಟಪಟ್ಟು…"

"ಎಲ್ಲಾ ಅಳಿಸಿ ಅಂದೆನಲ್ಲ!"

ಸುನಂದಮ್ಮ ಬೆಚ್ಚಿಬಿದ್ದು, ಈಗಷ್ಟೇ ಬಿಡಿಸಿದ್ದ ರಂಗೋಲಿಯನ್ನು ಸೆರಗಿನಿಂದ ಒರೆಸಿದರು. "ಚುಕ್ಕಿ ತಪ್ಪಿತ್ತೇನೋ, ನಂಗೆ ಕಾಣ್ಸಲಿಲ್ಲ," ಎಂದು ಮತ್ತೆ ಹಾಕತೊಡಗಿದರು.

ಕೋಶ ಖಾಲಿಯಾಯಿತು. ಕೈಗಳು ಇಳಿಯಲಿಲ್ಲ. ಪರದೆಯ ಮೇಲೆ ಅದೇ ವಾಕ್ಯ.

ಅಷ್ಟರಲ್ಲಿ ಮುಹೂರ್ತ ಸಮೀಪಿಸಿತೆಂದು ಮೇದಿನಿಯನ್ನು ಮಂಟಪಕ್ಕೆ ಕರೆತಂದರು. ಎದುರಿಗೆ ಅಂತರಪಟ. ಬಟ್ಟೆಯ ಅಂಚಿನ ಕೆಳಗೆ ಗಂಡಿನ ಹತ್ತು ಕಾಲ್ಬೆರಳು ಮಾತ್ರ ಕಾಣುತ್ತಿದ್ದವು. ಅವಳ ಬೊಗಸೆಗೆ ಜೀರಿಗೆ ಬೆಲ್ಲ ತುಂಬಿದರು. ಪುರೋಹಿತರು ಮಂಗಳಾಷ್ಟಕ ಶುರುಮಾಡಿದರು. ಅವರದು ಒಳ್ಳೆಯ ಕಂಠ. ಅದು ಅವರಿಗೂ ಗೊತ್ತಿತ್ತು. ಆದ್ದರಿಂದ ಬೇಗ ಮುಗಿಯುವ ಸಂಭವವಿರಲಿಲ್ಲ.

"ಜಾಗ ಇದ್ದೂ ಬರೆಯಕ್ಕಾಗ್ತಿಲ್ಲ ಅಂದ್ರೆ ಹಕ್ಕಿನ ತೊಂದರೆ," ಎಂದು ಮೇದಿನಿ ತುಟಿ ಅಲುಗಿಸದೆ ಪಿಸುಗುಟ್ಟಿದಳು. "ಕೋಶ ಯಾರ ಹೆಸರಲ್ಲಿದೆ ನೋಡಿ."

ಐತಾಳರು ಪರದೆಯ ಮುಂದೆ ಹೋದರು. ಆಮೇಲೆ ಓದಿದರು. "ಯಜಮಾನರು: ನರಹರಿ ರಾಯರು, ಗಂಡಿನ ಸೋದರಮಾವ. ಸಮಯ: ಎಂಟು ಇಪ್ಪತ್ತು. ಸೂತ್ರ: ಕಾಫಿ, ಒಂದು ಲೋಟ. ಸ್ಥಿತಿ: ಉತ್ತರಕ್ಕಾಗಿ ಕಾಯಲಾಗುತ್ತಿದೆ."

"ಅವ್ರು ಹೇಗೆ ಯಜಮಾನರಾದ್ರು? ಆ ಹಕ್ಕು ಇರೋದು ನಂಗೊಬ್ಳಿಗೇ!"

ಪಕ್ಕದಲ್ಲಿ ನಿಂತಿದ್ದ ವಾಸುದೇವಮೂರ್ತಿಗಳ ಮುಖ ಅವರ ರೇಷ್ಮೆ ಶಲ್ಯದಷ್ಟೇ ಕೆಂಪಾಯಿತು. "ಮೊನ್ನೆ ಯಂತ್ರಕ್ಕೆ ನಾನೇ ಹೇಳ್ಕೊಟ್ಟೆ ಕಣಮ್ಮ," ಎಂದರು ಮೆಲ್ಲಗೆ. "ಬೀಗರು ಏನು ಕೇಳಿದ್ರೂ ಇಲ್ಲ ಅನ್ಬಾರ್ದು, ಅವ್ರೇ ಯಜಮಾನ್ರು ಅಂತ ತಿಳ್ಕೊಂಡು ನಡ್ಕೋ, ಅಂತ. ಕೈ ಮುಗಿದು ಹ್ಞೂಂ ಅಂತು. ಎಷ್ಟು ವಿನಯ ಅಂದ್ಕೊಂಡೆ."

ಮೇದಿನಿಗೆ ಎಲ್ಲವೂ ಹೊಳೆಯಿತು. ಸಾಮಾನ್ಯ ಅಪ್ಪಣೆಯಾದರೆ ಅಪ್ಪಣೆ ಕೊಟ್ಟವರ ಹೆಸರು ಅವರವರ ಚೀಟಿಯ ಮೇಲಷ್ಟೇ ಬೀಳುತ್ತದೆ. ಯಜಮಾನ ಹಕ್ಕಿನಿಂದ ಕೊಟ್ಟ ಅಪ್ಪಣೆ ಹಾಗಲ್ಲ. ಇಡೀ ಕೋಶವೇ ಅವರ ಹೆಸರಿಗೆ ಬರೆದುಹೋಗುತ್ತದೆ. ಅವರ ಕೆಲಸ ಮುಗಿಯುವವರೆಗೆ ಉಳಿದವರು ಅದರಲ್ಲಿ ಹಳೆಯದನ್ನು ಅಳಿಸಬಹುದೇ ಹೊರತು ಹೊಸದಾಗಿ ಏನೂ ಬರೆಯುವಂತಿಲ್ಲ. ಅಂದರೆ ಆರುನೂರು ಜನರ ಊಟ ಒಂದು ಲೋಟ ಕಾಫಿಯ ಹಿಂದೆ ಸಾಲುಗಟ್ಟಿ ನಿಂತಿತ್ತು.

"ಆ ಕಾಫಿ ಯಾಕೆ ಮುಗೀಲಿಲ್ಲ?"

"ಯಂತ್ರ ಇವರನ್ನು ಸಕ್ಕರೆ ಎಷ್ಟು ಚಮಚ ಅಂತ ಕೇಳಿದೆ," ಎಂದರು ಐತಾಳರು. ಅನಂತರ ಬಂದದ್ದು ಅವರ ಧ್ವನಿಯಲ್ಲ; ಮೂಗಿನಲ್ಲಿ ಹುಟ್ಟಿ ಗಂಟಲಿನಲ್ಲಿ ಬಲಿತ, ನರಹರಿ ರಾಯರ ಧ್ವನಿ. "'ಏನ್ರೀ ಇದು? ಬೀಗ್ರನ್ನ ಹೀಗೆ ಚಮಚದ ಲೆಕ್ಕ ಕೇಳ್ತಾರೇನ್ರೀ? ನಮ್ಗೆ ಕಾಫೀನೇ ಬೇಡ!' ಹೀಗಂತ ಮಹಡಿ ಹತ್ತಿ ಹೋಗಿ ಬಾಗಿಲು ಹಾಕ್ಕೊಂಡಿದ್ದಾರೆ. ನಾನು ಕಣ್ಣಾರೆ ಕಂಡದ್ದು."

ಅಲ್ಲಿಗೆ ರಾಯರು ಯಾರಾದರೂ ಕಾಫಿ ತಂದು ಕರೆಯಲಿ ಎಂದು ಕಾಯುತ್ತಿದ್ದರು, ಕಾಫಿ ರಾಯರು ಉತ್ತರ ಕೊಡಲಿ ಎಂದು ಕಾಯುತ್ತಿತ್ತು. ಇಬ್ಬರೂ ಹಟವಾದಿಗಳು. ಮೇದಿನಿ ತನ್ನ ಅಂಗೈಯನ್ನು ಸರ್ವರ್‌ಗೆ ಒತ್ತಿದರೆ ಎಲ್ಲ ಬಿಡುಗಡೆಯಾಗುತ್ತಿತ್ತು. ಆದರೆ ಅಂಗೈ ತುಂಬ ಜೀರಿಗೆ ಬೆಲ್ಲವಿತ್ತು, ಕಾಲು ಹಸೆಯ ಮೇಲಿತ್ತು. ಧಾರೆ, ಮಾಂಗಲ್ಯ, ಸಪ್ತಪದಿ ಮುಗಿಸಿ ಎದ್ದು ಹೋಗುವಷ್ಟರಲ್ಲಿ ಹಸಿದವರು ಊರು ಸೇರಿರುತ್ತಾರೆ.

"ಐತಾಳರೇ, ರಾಯರ ಧ್ವನೀಲಿ ನೀವೇ ಉತ್ತರ ಹೇಳ್ಬಿಡಿ."

ಐತಾಳರು ಸಂತೋಷದಿಂದ ಹೇಳಿದರು. ಯಂತ್ರ ವಿನಯದಿಂದ ಉತ್ತರಿಸಿತು: "ಧ್ವನಿ ತಮ್ಮದೇ ಯಜಮಾನರೇ. ಆದರೆ ಮಹಡಿಯ ಬಾಗಿಲಿನ ಕ್ಯಾಮೆರಾ ಕಣ್ಣಿನ ಪ್ರಕಾರ ತಾವು ಇನ್ನೂ ಮಹಡಿಯ ಮೇಲಿದ್ದೀರಿ. ದಯಮಾಡಿ ಇಳಿದು ಬನ್ನಿ."

ಮೇದಿನಿಗೆ ಅಳು ಬರುವಂತಾಯಿತು. ತನ್ನ ಯಂತ್ರದ ಜಾಣತನ ಅವಳಿಗೆ ಯಾವತ್ತೂ ಇಷ್ಟು ಕಹಿಯಾಗಿ ಕಂಡಿರಲಿಲ್ಲ.

"ರೀ," ಎಂದಿತು ಅಂತರಪಟ.

ಅವಳು ಬೆಚ್ಚಿದಳು. ಮಾತನಾಡಿದ್ದು ಬಟ್ಟೆಯ ಆಚೆಗಿದ್ದ ಶ್ರೀವತ್ಸ, ಅರಸೀಕೆರೆಯ ಶಾಲೆಯಲ್ಲಿ ಭೂಗೋಳ ಕಲಿಸುವ ಮದುಮಗ. ಇಬ್ಬರೂ ಅಲ್ಲಿಯವರೆಗೆ ಒಟ್ಟು ನಾಲ್ಕು ಸಲ ಮಾತನಾಡಿದ್ದರು, ನಾಲ್ಕೂ ಸಲ ಸುತ್ತಮುತ್ತ ಹಿರಿಯರಿದ್ದರು.

"ಎಲ್ಲಾ ಕೇಳಿಸ್ತು. ನಮ್ಮ ಮಾಮನ್ನ ಸಮಾಧಾನ ಮಾಡೋಕೆ ಯಾರನ್ನೂ ಕಳಿಸ್ಬೇಡಿ. ಕರೆದಷ್ಟೂ ಬಿಗೀತಾರೆ."

"ಮತ್ತೇನ್ಮಾಡೋದು?"

"ನಿಮ್ಮ ಅಡುಗೆಯವರು ಮಾಮನ ಧ್ವನೀಲಿ ಮೈಕಿನಲ್ಲಿ ಕಾಫೀನ ಹೊಗಳ್ಲಿ. ಅವ್ರು ಹುಟ್ಟಿದಾಗ್ನಿಂದ ಒಬ್ರ ಮನೆ ಕಾಫೀನೂ ಹೊಗಳಿಲ್ಲ. ಮಾನ ಉಳಿಸ್ಕೊಳೋಕೆ ಓಡಿ ಬರ್ತಾರೆ."

ಪುರೋಹಿತರು ಶ್ಲೋಕದ ನಡುವೆ ಕಣ್ಣು ಬಿಟ್ಟು ಗದರಿಸುವಂತೆ ನೋಡಿದರು. ಅಂತರಪಟದ ಎರಡೂ ಕಡೆ ಎರಡು ತಲೆಗಳು ತಗ್ಗಿದವು. ಮೇದಿನಿಗೆ ನಗು ತಡೆಯಲಾಗದೆ ಬೊಗಸೆಯಿಂದ ಒಂದಿಷ್ಟು ಜೀರಿಗೆ ಉದುರಿತು.

ಎರಡು ನಿಮಿಷದ ಮೇಲೆ ಮಂಟಪದ ಮಹಡಿಯ ಧ್ವನಿವರ್ಧಕಗಳಲ್ಲಿ ನರಹರಿ ರಾಯರು ಮಾತನಾಡಿದರು. "ಆಹಾಹಾ! ಏನ್ ಕಾಫೀರೀ ಇದು! ನಮ್ಮನೇಲಿ ಮೂವತ್ತು ವರ್ಷ ಕುಡಿದಿದ್ದು ಕಾಫೀನೇ ಅಲ್ಲ, ಬರೀ ಕಲಗಚ್ಚು!"

ಮಹಡಿಯ ಬಾಗಿಲು ದಡಾರೆಂದು ತೆರೆದುಕೊಂಡಿತು. ಪಂಚೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಎರಡೆರಡು ಮೆಟ್ಟಿಲು ದಾಟುತ್ತ, ಅಸಲಿ ನರಹರಿ ರಾಯರು ಇಳಿದು ಬಂದರು. ಹಿಂದೆಯೇ ಅವರ ಹೆಂಡತಿ: "ಕಲಗಚ್ಚೇ? ಕಲಗಚ್ಚು ಅಂದ್ರಾ?"

"ನಾನಲ್ವೇ ಅದು! ಯಾವನೋ ನನ್ ಗಂಟಲು ಕದ್ದಿದಾನೆ!"

ರಾಯರು ಅಡುಗೆಮನೆಗೆ ನುಗ್ಗಿದರು. ಎತ್ತಿ ನಿಂತಿದ್ದ ಹದಿನಾರು ಕೈಗಳು ಅವರನ್ನು ಕಂಡೊಡನೆ ಜೋಡಿ ಜೋಡಿಯಾಗಿ ಸೇರಿ ನಮಸ್ಕರಿಸಿದವು. ಒಂದೇ ಸಲ ಎಂಟು ನಮಸ್ಕಾರ ಪಡೆದ ಅನುಭವ ಅವರಿಗಿರಲಿಲ್ಲ. ಬೈಯಲು ತೆರೆದ ಬಾಯಿ ಹಾಗೇ ನಿಂತಿತು.

"ಯಜಮಾನರೇ, ಮೂರು ಗಂಟೆಗಳಿಂದ ತಮಗಾಗಿ ಕಾಯುತ್ತಿದ್ದೇನೆ," ಎಂದಿತು ಯಂತ್ರ. "ಸಕ್ಕರೆ ಎಷ್ಟು?"

"ಮೂರು ಗಂಟೆ ಹೊತ್ತು?" ರಾಯರ ಧ್ವನಿ ಇಳಿಯಿತು. "ಬೇರೆ ಕೆಲ್ಸ ಎಲ್ಲಾ ಬಿಟ್ಟು?"

"ಬಿಟ್ಟು."

"ಒಂದೂವರೆ," ಎಂದರು ರಾಯರು.

ಕಾಫಿ ಬಂತು. ಒಂದು ಗುಟುಕು, ಮತ್ತೊಂದು ಗುಟುಕು. ಹೆಂಡತಿ ಪಕ್ಕದಲ್ಲೇ ಇದ್ದುದರಿಂದ ಅವರು ಹೊಗಳಲಿಲ್ಲ. ಲೋಟ ಮಾತ್ರ ಖಾಲಿಯಾಯಿತು. "ಇನ್ನೇನು ಅಪ್ಪಣೆ?" ಎಂದು ಯಂತ್ರ ಕೇಳಿದಾಗ, ಮದುವೆ ಮನೆಯ ಭಾರವೆಲ್ಲ ತಮ್ಮ ಮೇಲೇ ಇದೆಯೆಂಬ ಗತ್ತಿನಲ್ಲಿ ಕೈ ಬೀಸಿದರು. "ಹಳೇದೆಲ್ಲ ಗುಡಿಸಿ ಬಿಸಾಕು. ಹೊಸದಾಗಿ ಶುರುಮಾಡು. ಜನ ಹಸ್ಕೊಂಡಿದಾರೆ, ನೋಡ್ತಾ ನಿಂತಿದೀಯಲ್ಲ!"

ಕೈಗಳು ಇಳಿದವು. ಒಲೆಗಳು ಹೊತ್ತಿದವು. ಐತಾಳರು ಕುಣಿದಾಡಿದ ಸದ್ದು ಮೇದಿನಿಯ ಜಡೆಯೊಳಗೆ ಕೇಳಿಸುತ್ತಿದ್ದಂತೆಯೇ ಪುರೋಹಿತರು ಕೊನೆಯ "ಸಾವಧಾನ"ವನ್ನು ಎಳೆದರು, ಗಟ್ಟಿಮೇಳ ಮೊಳಗಿತು, ಅಂತರಪಟ ಸರಿಯಿತು. ಆಚೆ ನಿಂತವನು ನಗುತ್ತಿದ್ದ. ಅವನ ತಲೆಯ ಮೇಲೆ ಅವಳು ಉಳಿದಿದ್ದ ಜೀರಿಗೆ ಬೆಲ್ಲವನ್ನೆಲ್ಲ ಬೊಗಸೆಯಾರೆ ಸುರಿದಳು.

ಒಂದೂ ಕಾಲಿಗೆ ಎಲೆ ಹಾಕಿದರು. ಮೊದಲ ಪಂಕ್ತಿಯಲ್ಲಿ ಬೀಗರು. ಬಡಿಸುವ ಗಾಡಿಗಳು ಸಾಲಿನ ನಡುವೆ ಸದ್ದಿಲ್ಲದೆ ಉರುಳಿದವು. ಕೋಸಂಬರಿ, ಪಲ್ಯ, ಅನ್ನ, ತೊವ್ವೆ, ಹುಳಿ, ಒಂದೊಂದೂ ಹದವಾಗಿತ್ತು. ಮದುಮಕ್ಕಳ ಎಲೆಯ ಮುಂದೆ ಕೂತ ಮೇದಿನಿ ನಿಶ್ಚಿಂತೆಯಿಂದ ಅನ್ನ ಕಲಸಿದಳು. ಹೋಳಿಗೆಯ ಗಾಡಿ ಬಂತು, ಎಲ್ಲರಿಗೂ ಒಂದೊಂದು ಹಾಕಿ ಸಾಲಿನ ಕೊನೆಗೆ ಹೋಯಿತು. ಹೋದದ್ದು ತಿರುಗಿ ಬಂತು.

"ಹೋಳಿಗೆ ಹಾಕಿಸಿಕೊಳ್ಳಬೇಕು," ಎಂದಿತು ನರಹರಿ ರಾಯರಿಗೆ.

"ಈಗಷ್ಟೇ ಹಾಕಿದ್ಯಲ್ಲಪ್ಪ."

"ತಾವು ಇನ್ನೂ ಏನೂ ತೆಗೆದುಕೊಂಡಿಲ್ಲ," ಎಂದು ಗಾಡಿ ಒಂದನ್ನು ಹಾಕಿ, ಮೇಲೆ ತುಪ್ಪ ಸುರಿದು ಮುಂದೆ ಹೋಯಿತು. ಮತ್ತೆ ಬಂತು. ಮೂರನೆಯ ಸಲವೂ ಅದೇ ಮಾತು, ಅದೇ ಪ್ರೀತಿ.

ಮೇದಿನಿಯ ಕೈಯ ತುತ್ತು ಅರ್ಧದಲ್ಲೇ ನಿಂತಿತು. ರಾಯರು ಗುಡಿಸಿ ಬಿಸಾಕು ಎಂದಾಗ ಯಂತ್ರ ಕೋಶದೊಳಗಿನದನ್ನಷ್ಟೇ ಅಲ್ಲ, ಕೋಶವನ್ನೇ ಬಿಸಾಡಿತ್ತು. ಕೋಶವೇ ಇಲ್ಲದಿದ್ದರೆ ಅಡುಗೆಯ ಸೂತ್ರಗಳು ತಮ್ಮದೇ ಹೊಸ ಕೋಶ ಮಾಡಿಕೊಳ್ಳಬಲ್ಲವು. ಬಡಿಸುವ ಸೂತ್ರವನ್ನು ಅವಳು ಅವಸರದಲ್ಲಿ ಬರೆದಿದ್ದಳು. ಯಾರಿಗೆ ಏನು ಬಡಿಸಿದೆ ಎಂದು ಗುರುತು ಹಾಕಿಕೊಳ್ಳಲು ಜಾಗ ಸಿಗದಿದ್ದರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಉಳಿದ ಗಾಡಿಗಳಿಗೆ ಒಂದೇ ಸುತ್ತು, ಹೋಳಿಗೆಯದು ಮಾತ್ರ ಎಲ್ಲರಿಗೂ ಸಿಕ್ಕಿತೆಂಬ ಗುರುತು ಬೀಳುವವರೆಗೆ ಸುತ್ತಬೇಕಿತ್ತು. ಆದ್ದರಿಂದ ಅದರ ಪಾಲಿಗೆ ಪ್ರತಿ ಎಲೆಯೂ ಈಗಷ್ಟೇ ಹಾಕಿದ ಎಲೆ, ಪ್ರತಿಯೊಬ್ಬರೂ ಈಗಷ್ಟೇ ಬಂದು ಕೂತವರು.

ಕುತ್ತಿಗೆ ಬಗ್ಗಿಸಿ ಅವಳು ಬೀಗರ ಸಾಲನ್ನು ನೋಡಿದಳು. ನರಹರಿ ರಾಯರು ಎರಡೂ ಕೈಗಳಿಂದ ಎಲೆಯನ್ನು ಮುಚ್ಚಿಕೊಂಡಿದ್ದರು. ಗಾಡಿ ಅವರ ಬೆರಳುಗಳ ಸಂದಿಯಲ್ಲಿ ಹೋಳಿಗೆ ತೂರಿಸುತ್ತಿತ್ತು. ಅವರ ಅಣ್ಣ ಎಲೆಯ ಮೇಲೆ ಅಡ್ಡಬಿದ್ದಂತೆ ಬಾಗಿದ್ದರು. ಅವರ ಬೆನ್ನಿನ ಮೇಲೊಂದು ಹೋಳಿಗೆ. ಮಂಟಪಗಳ ಮಾಲೀಕರು ಕಣ್ಣೀರು ಬರುವಂತೆ ನಗುತ್ತಿದ್ದರು.

"ಸಾಕೋ ಮಾರಾಯಾ, ಸಾಕು!" ಎಂದು ಕೂಗಿದ ರಾಯರು ವಾಸುದೇವಮೂರ್ತಿಗಳತ್ತ ತಿರುಗಿದರು. "ಏನ್ರೀ ಬೀಗ್ರೇ! ಎಷ್ಟೋ ಮದುವೆ ಊಟ ಮಾಡಿದೀನಿ. ಈಗಿನ ಕಾಲದ ಹುಡುಗ್ರು ಬೇಡ ಅನ್ನೋಕ್ ಮುಂಚೆ ಮುಂದಿನ ಎಲೆಗೆ ಓಡ್ತಾರೆ. ಹೀಗೆ ಬಿಡದೆ, ಬೇಡ ಅಂದ್ರೂ ಕೇಳ್ದೆ ಬಡಿಸಿದ್ನ ನಮ್ಮಜ್ಜಿ ಹೋದ್ಮೇಲೆ ಇವತ್ತೇ ನೋಡಿದ್ದು. ಏನ್ ಉಪಚಾರ, ಏನ್ ಉಪಚಾರ!"

ವಾಸುದೇವಮೂರ್ತಿಗಳು ಏನೂ ಅರ್ಥವಾಗದೆ ಕೈ ಮುಗಿದು ನಿಂತರು. ಅವರ ತಲೆ ಮಾತ್ರ ನೆಟ್ಟಗಿತ್ತು.

ಮೇದಿನಿ ಎಡಗೈಯಲ್ಲಿ ಫೋನ್ ತೆಗೆದುಕೊಂಡಳು. ಕೋಶವನ್ನು ಮತ್ತೆ ಸೃಷ್ಟಿಸಲು ಒಂದೇ ಒಂದು ಸಾಲು ಸಾಕಿತ್ತು. "ತಪ್ಪು ಸಿಕ್ತು," ಎಂದಳು ಶ್ರೀವತ್ಸನಿಗೆ. "ಸರಿಮಾಡ್ಲಾ?"

ಶ್ರೀವತ್ಸ ಮಾಮನ ಕಡೆ ನೋಡಿದ. ಅವರು ಈಗ ಕೈ ತೆಗೆದು ಏಳನೆಯದಕ್ಕೆ ಎಲೆ ಒಡ್ಡಿದ್ದರು.

"ಊಟ ಮುಗೀಲಿ ಬಿಡಿ," ಎಂದ.

ಜಡೆಯೊಳಗಿನಿಂದ ಐತಾಳರ ಏದುಸಿರು ಕೇಳಿಸಿತು. ಈ ಸಲ ಯಾರ ಅನುಕರಣೆಯೂ ಅಲ್ಲ. "ತಂಗೀ, ನಿಮ್ಮ ಯಂತ್ರ ಲೆಕ್ಕ ಹಾಕಿ ತಟ್ಟಿದ ಹೋಳಿಗೆ ಎಲ್ಲ ಒಂದೇ ಪಂಕ್ತಿಗೆ ಮುಗೀತಾ ಬಂತು. ಇನ್ನೂ ಎರಡು ಪಂಕ್ತಿ ಉಂಟು. ಕೈಗಳನ್ನು ಕೇಳಿದ್ರೆ ಲೆಕ್ಕ ಮುಗೀತು ಅಂತವೆ. ನಾನೇ ಕಣಕ ಕಲಸ್ಲಾ?"

"ಎಷ್ಟಾಗತ್ತೋ ಅಷ್ಟು ಕಲಸಿ ಐತಾಳರೇ," ಎಂದು ಮೇದಿನಿ ಫೋನನ್ನು ಕೆಳಗಿಟ್ಟಳು. ಅಷ್ಟರಲ್ಲಿ ಗಾಡಿ ಅವಳ ಎದುರಿಗೇ ಬಂದು ನಿಂತಿತ್ತು. ಎಲೆ ಮುಚ್ಚಿಕೊಳ್ಳಲು ಅವಳು ಕೈ ಎತ್ತುವ ಮೊದಲೇ ಹೋಳಿಗೆ ಬಿತ್ತು, ತುಪ್ಪವೂ ಬಿತ್ತು.